ಅರ್ಧ ಡಾಕ್ಟ್ರ ಪೆಟ್ಟಿಗೆ

ಗಾಜ್ ಬಟ್ಟೆಯ ಸುರುಳಿ, ಹತ್ತಿ, ಅಂಟುಪಟ್ಟಿ, ಸುಟ್ಟಗಾಯದ ಮುಲಾಮು, ವಾಂತಿಯ ಮಾತ್ರೆ ಒಂದೊಂದಾಗಿ ಮೆಡಿಕಲ್ ಶಾಪಿನ ಕೌಂಟರಿನ ಮೇಲೆ ಬಂದು ಕೂರುತ್ತಿದ್ದಂತೆ ಶಂಕರಿಗೆ ತಾನು ಔಷಧಿ ಕೊಳ್ಳುತ್ತಿಲ್ಲ, ಗಂಡನ ಕಡೆಯವರನ್ನು ಒಬ್ಬೊಬ್ಬರನ್ನಾಗಿ ಪೊಟ್ಟಣ ಕಟ್ಟಿಸಿಕೊಳ್ಳುತ್ತಿದ್ದೇನೆ ಅನ್ನಿಸಿತು. ವಾಂತಿಯ ಮಾತ್ರೆ ಎಂದರೆ ಗಂಡನ ಅಕ್ಕ ಸತ್ಯವತಿ. ಘಾಟಿ ಕಣ್ಣಿಗೆ ಬೀಳುವ ಮೊದಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತನ್ನಿಂದ ಯಾರಿಗೂ ತೊಂದರೆಯಾಗಬಾರದು ಎಂದು ಎಲ್ಲರಿಗೂ ಕೇಳುವಂತೆ ನರಳುವವಳು. ಕಾಲಿಗೆ ಸುತ್ತುವ ಎಲಾಸ್ಟಿಕ್ ಪಟ್ಟಿ ಎಂದರೆ ಗಂಡ ಶರತ್ಚಂದ್ರ. ಹೋದ ವರ್ಷ ಸ್ವಂತ ಮನೆಯ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡು, ಯುದ್ಧದಿಂದ ಮರಳಿದವನ ಹಾಗೆ ಮಂಚದ ಮೇಲೆ ಒರಗಿ, ನೋಡಲು ಬಂದವರಿಗೆಲ್ಲ ಅದನ್ನೇ ಹೊಸ ಹೊಸದಾಗಿ ಹೇಳಿದವನು. ಎದೆಯುರಿಯ ಮಾತ್ರೆ, ಹೊಟ್ಟೆಯುಬ್ಬರದ ಪುಡಿ, ಭೇದಿಯ ಮಾತ್ರೆ ಇವೆಲ್ಲ ಒಬ್ಬನಿಗೇ. ಸತ್ಯವತಿಯ ಗಂಡ ಗಣೇಶಪ್ರಸಾದ. ವಿಲ್ಲೇಜ್ ಆಫೀಸರಾಗಿ ನಿವೃತ್ತನಾದ ಮೇಲೆ ಅವನಿಗೆ ತಿನ್ನುವುದು ಮತ್ತು ನಗಿಸುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಎರಡನ್ನೂ ಒಂದೇ ಬಾಯಿಯಿಂದ, ಒಂದೇ ಹೊತ್ತಿಗೆ ಮಾಡುತ್ತಿದ್ದ. ಮದುವೆಯಾಗಿ ಇಷ್ಟು ವರ್ಷಗಳಾದರೂ ಶಂಕರಿ ಅವನನ್ನು ಅಣ್ಣ ಎಂದೋ ಬಾವ ಎಂದೋ ಕರೆಯದೆ, ಎದುರು ಬಂದಾಗ ಬರೀ ನೀವು ಎಂದು ದಾಟಿಸಿಕೊಂಡು ಬಂದಿದ್ದಳು. ಹಾಗೆ ದಾಟಿಸಿದ್ದು ಅವನ ಗಮನಕ್ಕೇ ಬಂದಿರಲಾರದು ಎಂಬುದು ಅವಳ ತಿರಸ್ಕಾರಕ್ಕೆ ಸಿಕ್ಕ ಒಂದು ಹೆಚ್ಚಿನ ಕಾರಣವಾಗಿತ್ತು.

"ಟೂರಾ ಟೀಚರೇ?" ಎಂದ ವಿಜೇತ್. ಬದಿಯಡ್ಕ ಪೇಟೆಯ ಈ ಅಂಗಡಿಯನ್ನು ಈಗ ಇವನೇ ನಡೆಸುತ್ತಾನೆ. ಪ್ಲಸ್ ಟುವಿನಲ್ಲಿದ್ದಾಗ ಕಪ್ಪೆಯ ಹೃದಯಕ್ಕೂ ಜಠರಕ್ಕೂ ವ್ಯತ್ಯಾಸ ತಿಳಿಯದೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬೆವರಿದ್ದವನು, ಈಗ ಬಿಳಿ ಕೋಟು ತೊಟ್ಟು ಫ್ಯಾನಿನ ಕೆಳಗೆ ಗಂಭೀರವಾಗಿ ನಿಂತಿದ್ದ. ಕೊಡಗಿಗೆ, ಎಂದು ಹೇಳಿ ಶಂಕರಿ, ಯಾವುದಕ್ಕೂ ಇರಲಿ ಎಂಬಂತೆ ಒಂದು ಆ್ಯಂಟಿಬಯೋಟಿಕ್‌ನ ಹೆಸರು ಹೇಳಿದಳು. ಅದನ್ನು ಹೇಳುವಾಗ ತನ್ನ ಧ್ವನಿ ಬೇರೆಯಾದದ್ದು ಅವಳಿಗೇ ಕೇಳಿಸಿತು. ಅಗತ್ಯಕ್ಕಿಂತ ನಿಧಾನವಾಗಿ, ಉಚ್ಚಾರ ಸ್ಪಷ್ಟವಾಗಿ, ಬರೆದುಕೊಡಬಲ್ಲವಳ ಹಾಗೆ. ವಿಜೇತ್ ತಲೆ ಕೆರೆದುಕೊಂಡ. "ಅದಕ್ಕೆ ಡಾಕ್ಟ್ರ ಚೀಟಿ ಬೇಕು ಟೀಚರೇ. ಈಗ ಭಾರೀ ಸ್ಟ್ರಿಕ್ಟ್ ಉಂಟು." ಪಕ್ಕದಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ಹೆಂಗಸು ಸುಮ್ಮನೆ ತಿರುಗಿ ನೋಡಿದಳು. ಅದರಲ್ಲಿ ಏನೂ ಇರಲಿಲ್ಲ, ಮಾತು ಕೇಳಿದವರು ತಿರುಗುವ ಹಾಗೆ ತಿರುಗಿದ್ದಳು, ಅಷ್ಟೆ. ಆದರೂ ಶಂಕರಿಯ ಕಿವಿಗಳು ಬಿಸಿಯಾದವು. "ಹೌದಲ್ಲ, ಮರೆತೇ ಹೋಯ್ತು," ಎಂದು ನಕ್ಕಳು. ನಕ್ಕ ಮೇಲೆ, ಕಪ್ಪೆಯ ಹೃದಯ ತಿಳಿಯದವನ ಎದುರಿಗೂ ತಾನು ನಕ್ಕೆನಲ್ಲ ಎಂದು ಚೀಲ ಎತ್ತಿಕೊಂಡು ಬಿಸಿಲಿಗೆ ಇಳಿದಳು.

ಪ್ರವಾಸದ ಯೋಚನೆ ಗಣೇಶಪ್ರಸಾದನ ಮಗಳು ಅಮೂಲ್ಯಾಳದು. ಹೊಸ ಕಾರು ಬಂದಿದೆ, ಡ್ರೈವಿಂಗ್ ಕೈಗೆ ಹತ್ತಿದೆ, ಅಪ್ಪ ಅಮ್ಮ ಮಾವ ಅತ್ತೆಯನ್ನು ಕೂರಿಸಿಕೊಂಡು ಮಡಿಕೇರಿಗೆ ಹೋಗಿಬರಬೇಕು ಎಂಬುದು ಅವಳ ಆಸೆ. ಅದಕ್ಕಾಗಿ ಒಂದು ವಾಟ್ಸಪ್ ಗುಂಪು ಹುಟ್ಟಿತು. ತಿಂಡಿ ಯಾರು, ಹೋಟೆಲು ಬುಕ್ ಮಾಡುವುದು ಯಾರು ಎಂದೆಲ್ಲ ಹಂಚಿಕೆ ಆಗುತ್ತಿದ್ದಾಗ ಗಣೇಶಪ್ರಸಾದನ ಧ್ವನಿ ಸಂದೇಶ ಬಂತು, ಗಂಟಲು ಸರಿಮಾಡಿಕೊಂಡು, ಸರಕಾರಿ ಆದೇಶ ಓದುವ ಶೈಲಿಯಲ್ಲಿ: "ಫಸ್ಟ್ ಏಡ್ ಪೆಟ್ಟಿಗೆಯ ಚಾರ್ಜು ನಮ್ಮ ಅರ್ಧ ಡಾಕ್ಟ್ರಿಗೆ ವಹಿಸಲಾಗಿದೆ. ಅರ್ಧ ಗುಣ ಅವರು ಮಾಡ್ತಾರೆ, ಉಳಿದರ್ಧ ದೇವರು." ಮೊದಲು ಬಂದ ನಗುವ ಹಳದಿ ಮುಖ ಶರತ್ಚಂದ್ರನದು. ಪಕ್ಕದ ಕೋಣೆಯಲ್ಲಿ ಕೂತು ಅವನು ಅದನ್ನು ಒತ್ತಿದ್ದ, ಗಂಟಲಿನ ನಗುವೂ ಗೋಡೆಯಾಚೆಯಿಂದ ಕೇಳಿಸಿತ್ತು. ಎರಡನೆಯದು ಸತ್ಯವತಿಯದು. ಸ್ವಲ್ಪ ಹೊತ್ತಿನ ಮೇಲೆ ಶಂಕರಿಯೂ ಒಂದನ್ನು ಒತ್ತಿದಳು. ಒತ್ತದೆ ಬಿಟ್ಟರೆ ಕೋಪ ಬಂತೇ ಎಂದು ಕೇಳುತ್ತಾರೆ, ಕೇಳಿದರೆ ಇಲ್ಲ ಎನ್ನಬೇಕು, ಇಲ್ಲ ಎಂದರೆ ಮತ್ತೆ ಎಲ್ಲರೂ ನಗುತ್ತಾರೆ. ಅದಕ್ಕಿಂತ ಒಂದು ಹಳದಿ ಮುಖ ಸುಲಭ.

ಮೆಡಿಕಲ್ ಕಾಲೇಜಿನಲ್ಲಿ ಅವಳು ಒಂದು ವರ್ಷವನ್ನೂ ಪೂರ್ತಿ ಮಾಡಿರಲಿಲ್ಲ. ಕಾಮಾಲೆ ಆಯಿತು, ಮನೆಗೆ ಬಂದಳು, ಮತ್ತೆ ಹೋಗಲಿಲ್ಲ ಎಂಬುದು ಊರಿಗೆ ಹೇಳಿದ ಕಥೆ. ತನಗೆ ತಾನು ಹೇಳಿಕೊಂಡದ್ದು ಬೇರೆ: ಅಲ್ಲಿನ ಹುಡುಗರು ಹೆಣದ ಬೆರಳುಗಳಿಗೆ ಸಿಗರೇಟು ಸಿಕ್ಕಿಸಿ ನಗುತ್ತಿದ್ದರು, ಅಂಥವರ ಜೊತೆ ಡಾಕ್ಟರಾಗುವುದು ತನಗೆ ಅಸಹ್ಯವಾಯಿತು. ಅದು ಸುಳ್ಳಲ್ಲ. ಆದರೆ ಮೆಸ್ಸಿನಲ್ಲಿ ಅನ್ನಕ್ಕೆ ಕೈ ಹಾಕಿದಾಗಲೆಲ್ಲ ಬೆರಳಿನ ತುದಿಗೆ ಆ ತಣ್ಣಗಿನ, ರಬ್ಬರಿನಂಥ ಚರ್ಮ ಮರಳಿ ಬರುತ್ತಿತ್ತು. ಚಮಚ ಹಿಡಿದರೆ ಚಮಚಕ್ಕೂ ಬರುತ್ತಿತ್ತು. ಇದನ್ನು ಅವಳು ಅಪ್ಪನಿಗೂ ಹೇಳಿರಲಿಲ್ಲ. ಮದುವೆಯ ಮಾತುಕತೆಯಲ್ಲಿ ಮೆಡಿಕಲ್ ಬಿಟ್ಟು ಬಂದ ಸಂಗತಿಯಷ್ಟೇ ಹೇಗೋ ಹೊರಬಿದ್ದಿತ್ತು. ಮೊದಲ ದೀಪಾವಳಿಗೆ ಅಗಲ್ಪಾಡಿಯಲ್ಲಿ, ಸತ್ಯವತಿಯ ಮನೆಯಲ್ಲಿ, ಅವಳು ಮಾಡಿದ ಗಸಗಸೆ ಪಾಯಸವನ್ನು ಒಂದು ಗುಟುಕು ಕುಡಿದ ಗಣೇಶಪ್ರಸಾದ ಎರಡೂ ಕೈಗಳಿಂದ ಗಂಟಲು ಹಿಡಿದುಕೊಂಡು, ಕಣ್ಣುಗುಡ್ಡೆ ಮೇಲೆ ಮಾಡಿ, ಗೋಡೆಗೊರಗಿ ಜಾರುತ್ತ ನೆಲಕ್ಕೆ ಬಿದ್ದಿದ್ದ. ಹೊಸ ಸೀರೆಯಲ್ಲಿ, ಸೌಟು ಹಿಡಿದು ನಿಂತಿದ್ದ ಶಂಕರಿ ಬೆಚ್ಚಿ ಕೂಗಿಯೇಬಿಟ್ಟಳು. ಆಗ ಅವನು ಒಂದು ಕಣ್ಣು ತೆರೆದು, "ಅರ್ಧ ಡಾಕ್ಟ್ರು ಅಲ್ವಾ, ಅರ್ಧ ಜೀವ ಉಳಿಸಿದ್ದಾರೆ," ಎಂದ. ನಡುಮನೆ ನಗುವಿನಿಂದ ಒಡೆದುಹೋಯಿತು. ಆ ಅಭಿನಯ ಅಲ್ಲಿಂದ ಮುಂದೆ ಪ್ರತಿ ಹಬ್ಬಕ್ಕೂ ಖಾಯಂ ಆಯಿತು. ಅವಳು ಬಡಿಸಿದಾಗ, ಅವಳು ಕಾಫಿ ಕೊಟ್ಟಾಗ, ಅವಳದು ಮಾತ್ರವಲ್ಲ, ಯಾರ ಅಡುಗೆಯಾದರೂ ಸರಿ, ಕೈ ಗಂಟಲಿಗೆ ಹೋಗುತ್ತಿತ್ತು.

ಆ ಸಂಜೆ ಮನೆಯಲ್ಲಿ ಅವಳು ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ತೊಳೆದು ಒರೆಸಿ, ಒಳಗೆ ಎಲ್ಲವನ್ನೂ ಜೋಡಿಸತೊಡಗಿದಳು. ಜೋಡಿಸುತ್ತ ಜೋಡಿಸುತ್ತ ಒಂದು ಕೆಟ್ಟ ಉತ್ಸಾಹ ಹುಟ್ಟಿತು. ಯಾರೂ ಬೆರಳು ತೋರಿಸಲಾಗದ ಪೆಟ್ಟಿಗೆ ಮಾಡಬೇಕು. ಗಾಯ ತೊಳೆಯುವ ದ್ರಾವಣ, ಮೊಂಡು ತುದಿಯ ಕತ್ತರಿ, ಚಿಮುಟ, ತ್ರಿಕೋನದ ಬಟ್ಟೆ, ಕೈಗವಸು, ಒಆರ್‌ಎಸ್, ಥರ್ಮಾಮೀಟರು. ಮಾತ್ರೆಗಳ ಮೇಲೆ ಅಂಟುಚೀಟಿ ಹಚ್ಚಿ ದೊಡ್ಡ ಅಕ್ಷರದಲ್ಲಿ ಬರೆದಳು. ಬಂದು ನಿಂತ ಶರತ್ಚಂದ್ರ ಎಲಾಸ್ಟಿಕ್ ಪಟ್ಟಿಯನ್ನು ಎತ್ತಿ ಹಿಗ್ಗಿಸಿ ನೋಡಿದ. "ಇಷ್ಟೆಲ್ಲ ಎಂತಕ್ಕೆ? ನಾವು ಹೋಗುದು ಮಡಿಕೇರಿಗೆ, ಹಿಮಾಲಯಕ್ಕಲ್ಲ."

"ಜವಾಬ್ದಾರಿ ಕೊಟ್ಟಿದ್ದಾರಲ್ಲ," ಎಂದಳು.

"ಬಾವ ತಮಾಷೆಗೆ ಹೇಳಿದ್ದು ಮಾರಾಯ್ತಿ. ನೀನು ಎಲ್ಲದನ್ನೂ ಮನಸ್ಸಿಗೆ ತಕೊಳ್ತಿ."

"ನಾನು ಎಂತ ಮನಸ್ಸಿಗೆ ತಕೊಂಡೆ? ಪೆಟ್ಟಿಗೆ ಮಾಡ್ತಾ ಇದ್ದೇನೆ."

ಅವನು ಪಟ್ಟಿಯನ್ನು ಸುತ್ತದೆ ಹಾಗೆಯೇ ಇಟ್ಟು ಹೋದ. ಅವಳು ಅದನ್ನು ಮತ್ತೆ ಸುತ್ತಿದಳು. ಈ ಮನುಷ್ಯನಿಗೆ ಇಷ್ಟು ವರ್ಷದಲ್ಲಿ ಒಮ್ಮೆಯಾದರೂ, ಬಾವ, ಸಾಕು ಮಾಡಿ, ಎಂದು ಹೇಳಲು ಆಗಲಿಲ್ಲ. ಅಂಥ ಮಾತು ಹೇಳಬಹುದು ಎಂಬುದೇ ಅವನಿಗೆ ಹೊಳೆದಿರಲಾರದು. ಅಕ್ಕನ ಗಂಡ ಮಾತಾಡಿದರೆ ನಗುವುದು ಅವನಿಗೆ ಉಸಿರಾಟದ ಹಾಗೆ ತನ್ನಷ್ಟಕ್ಕೆ ಆಗುವ ಕ್ರಿಯೆ. ಶಾಲೆಯಲ್ಲಿ ಅವಳು ಮಕ್ಕಳಿಗೆ ಅನೈಚ್ಛಿಕ ಸ್ನಾಯುಗಳ ಪಾಠ ಮಾಡುವಾಗ ಎಷ್ಟೋ ಸಲ ಗಂಡನ ದವಡೆ ಕಣ್ಣೆದುರು ಬಂದದ್ದುಂಟು.

ಬೆಳಿಗ್ಗೆ ಆಟೋದಲ್ಲಿ ಅಗಲ್ಪಾಡಿಗೆ ಹೋದಾಗ ಕಾರು ಅಂಗಳದಲ್ಲಿ ಹೂಮಾಲೆ ತೊಟ್ಟು ನಿಂತಿತ್ತು. ದೇವಸ್ಥಾನದಿಂದ ತಂದ ಪ್ರಸಾದವನ್ನು ಸತ್ಯವತಿ ಸ್ಟೀಯರಿಂಗಿಗೆ ಹಚ್ಚುತ್ತಿದ್ದಳು. ನಾಲ್ಕು ಚಕ್ರದ ಕೆಳಗೂ ಒಂದೊಂದು ಲಿಂಬೆಹಣ್ಣು. "ಶಂಕರಿಯ ಪೆಟ್ಟಿಗೆ ಬಂತು, ಇನ್ನು ಹೆದರಿಕೆ ಇಲ್ಲ," ಎಂದು ಸತ್ಯವತಿ ಹೇಳಿದಳು. ಅದರಲ್ಲಿ ಕುಚೋದ್ಯ ಇತ್ತೋ ಇಲ್ಲವೋ ಹೇಳುವುದು ಕಷ್ಟ. ಗಣೇಶಪ್ರಸಾದ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ಮುಚ್ಚಳ ತೆರೆದ. ಅವನ ದಪ್ಪ ಬೆರಳುಗಳು ಅವಳ ಅಂಟುಚೀಟಿಗಳ ಮೇಲೆ ಓಡಾಡಿದವು. ಎದೆಯುರಿಗೆ, ಹೊಟ್ಟೆಯುಬ್ಬರಕ್ಕೆ, ಭೇದಿಗೆ ಎಂದು ಗಟ್ಟಿಯಾಗಿ ಓದಿ, "ಎಲ್ಲ ನನ್ನದೇ ಹೆಸರಲ್ಲಿ ರಿಜಿಸ್ಟ್ರಿ ಆಗಿದೆಯಲ್ಲ!" ಎಂದ. ಎಲ್ಲರೂ ನಕ್ಕರು. ಅಮೂಲ್ಯಾ ನಗುತ್ತಲೇ ಅವಳ ಕೈಯಿಂದ ಚೀಲ ಇಸಿದುಕೊಂಡು, "ಅತ್ತೆ, ನೀವು ನನ್ನ ಹಿಂದೆಯೇ ಕೂತ್ಕೊಳ್ಳಿ, ನಿಮಗೆ ತಲೆ ತಿರುಗುದಿಲ್ಲ," ಎಂದಳು. ಆ ಮನೆಯಲ್ಲಿ ಶಂಕರಿಗೆ ತಿರಸ್ಕರಿಸಲು ಕಾರಣ ಸಿಗದವಳು ಅವಳೊಬ್ಬಳೇ. ಅದಕ್ಕಾಗಿ ಅವಳ ಮೇಲೆ ತುಸು ಸಿಟ್ಟೂ ಇತ್ತು. ಲಿಂಬೆಹಣ್ಣುಗಳು ಚಕ್ರದ ಕೆಳಗೆ ಪಚಕ್ಕೆಂದವು.

ಮುಳ್ಳೇರಿಯ ದಾಟಿದ ಮೇಲೆ ರಸ್ತೆ ಸುತ್ತಿ ಸುತ್ತಿ ಏರತೊಡಗಿತು. ಎರಡೂ ಕಡೆ ರಬ್ಬರ್ ಮರಗಳು, ಬುಡಕ್ಕೆ ಪ್ಲಾಸ್ಟಿಕ್ ಲಂಗ ಕಟ್ಟಿಕೊಂಡು ಸಾಲಾಗಿ ನಿಂತಿದ್ದವು. ಮುಂದಿನ ಸೀಟಿನಿಂದ ಗಣೇಶಪ್ರಸಾದ ತನ್ನ ಸರ್ವೀಸಿನ ಕಾಲದ ಕಥೆ ಹೇಳುತ್ತಿದ್ದ. ಜಾಗದ ಹಕ್ಕುಪತ್ರಕ್ಕೆ, ಪಟ್ಟಯಕ್ಕೆ, ಅರ್ಜಿ ಕೊಡಲು ಬಂದ ಒಬ್ಬ ತನ್ನ ಅಪ್ಪ ಸತ್ತಿದ್ದಾನೆ ಎನ್ನಲು ಮಲಯಾಳದಲ್ಲಿ ಪದ ಸಿಗದೆ ಆಫೀಸಿನ ನೆಲದ ಮೇಲೆ ಮಲಗಿ ತೋರಿಸಿದ ಕಥೆ. ಶಂಕರಿ ಅದನ್ನು ಎಷ್ಟು ಸಲ ಕೇಳಿದ್ದಳೆಂದರೆ ಎಲ್ಲಿ ಅವನು ನಿಲ್ಲಿಸುತ್ತಾನೆ, ಎಲ್ಲಿ ಹಿಂದೆ ತಿರುಗಿ ನೋಡುತ್ತಾನೆ, ಎಲ್ಲಿ ಸತ್ಯವತಿ, ಸಾಕು ಮಾರಾಯ್ರೆ, ಎಂದು ಹೊಟ್ಟೆ ಹಿಡಿದುಕೊಳ್ಳುತ್ತಾಳೆ ಎಂಬುದೆಲ್ಲ ತಿಳಿದಿತ್ತು. ಹಿಂದೆ ತಿರುಗಿದಾಗ ಅವನ ಕತ್ತಿನ ಮಡಿಕೆಗಳಲ್ಲಿ ಗಂಧದ ಪೌಡರು ಗೆರೆಗೆರೆಯಾಗಿ ಕಾಣಿಸಿತು. ತನ್ನ ಅಪ್ಪ ಸತ್ತದ್ದನ್ನು ಪರಕೀಯ ಭಾಷೆಯಲ್ಲಿ ಹೇಳಲಾಗದೆ ನೆಲದ ಮೇಲೆ ಮಲಗಿದ ಮನುಷ್ಯನ ಬಗ್ಗೆ ಈ ಕಾರಿನಲ್ಲಿ ಯಾರಿಗೂ ಒಮ್ಮೆಯೂ ಏನೂ ಅನ್ನಿಸಿಲ್ಲ, ಎಂದು ಅವಳು ಯೋಚಿಸಿದಳು. ಹಾಗೆ ಯೋಚಿಸಬಲ್ಲವಳು ತಾನೊಬ್ಬಳು ಎಂಬುದರಿಂದ ಹಿತವೆನಿಸಿತು. ಅಷ್ಟರಲ್ಲಿ ಅವನು ಮತ್ತೆ ಹಿಂದೆ ತಿರುಗಿದ. ಅವಳು ನಕ್ಕಳು.

ಜಾಲ್ಸೂರಿಗೆ ಇನ್ನೂ ದೂರವಿರುವಾಗಲೇ ಸತ್ಯವತಿ ಬಾಯಿಗೆ ಸೆರಗು ಒತ್ತಿದ್ದರಿಂದ ರಸ್ತೆ ಬದಿಯ ಒಂದು ಹೋಟೆಲಿನ ಎದುರು ಅಮೂಲ್ಯಾ ಕಾರು ನಿಲ್ಲಿಸಿದಳು. ಶೀಟಿನ ಮಾಡು, ನಾಲ್ಕಾರು ಮೇಜು, ಗೋಡೆಯಲ್ಲಿ ಸಹಕಾರಿ ಬ್ಯಾಂಕಿನ ಕ್ಯಾಲೆಂಡರು. ಹೋಟೆಲಿನ ಸುಬ್ಬರಾಯ ಗಣೇಶಪ್ರಸಾದನಿಗೆ ಹಳೆಯ ಪರಿಚಯ. ಬಿಸಿ ಗೋಳಿಬಜೆಯ ತಟ್ಟೆ ಬಂತು. ಸತ್ಯವತಿಗೆ ಶಂಕರಿ ಮಾತ್ರೆ ಕೊಟ್ಟಳು, ಅವಳು ಅದನ್ನು ಅನುಮಾನದಿಂದ ತಿರುಗಿಸಿ ನೋಡಿ ನುಂಗಿದಳು. "ಫ್ಯಾಮಿಲಿ ಟೂರಾ ಸಾರ್?" ಎಂದು ಸುಬ್ಬರಾಯ ಕೇಳಿದ್ದೇ ತಡ ಗಣೇಶಪ್ರಸಾದ ಎದ್ದು ನಿಂತ. ಕೂತು ತಮಾಷೆ ಮಾಡುವುದು ಅವನಿಗೆ ಬರುತ್ತಿರಲಿಲ್ಲ.

"ಟೂರೇ. ಹೆದರಿಕೆ ಇಲ್ಲ, ಡಾಕ್ಟ್ರನ್ನು ಕರ್ಕೊಂಡೇ ಹೋಗುದು ನಾವು. ಇವರು ನಮ್ಮ ಬಾಮೈದನ ಹೆಂಡತಿ. ಕಾಲೇಜಲ್ಲಿ ಸೊಂಟದ ತನಕ ಕಲಿತು ಬಂದಿದ್ದಾರೆ. ಸೊಂಟದಿಂದ ಕೆಳಗೆ ಎಂತ ಆದ್ರೂ ಮದ್ದು ಉಂಟು. ಮೇಲೆ ಆದ್ರೆ..." ಅವನು ಒಂದು ಇಡೀ ಗೋಳಿಬಜೆಯನ್ನು ಬಾಯಿಗೆ ತುಂಬಿಕೊಂಡ. ಮಾತಿನ ಮುಂದಿನ ಭಾಗ ಅವನಿಗೇ ನಗು ತರಿಸಿರಬೇಕು. ಭುಜ ಕುಲುಕಿತು, ಸುಬ್ಬರಾಯನೂ ಕುಲುಕಿದ. ಮಾತು ಬರಲಿಲ್ಲ. ಗಣೇಶಪ್ರಸಾದನ ಕೈಗಳು ಗಂಟಲಿಗೆ ಹೋದವು. ಕಣ್ಣುಗಳು ಹೊರಬಂದವು. ಎಲ್ಲರೂ ನಗತೊಡಗಿದರು. "ಸುರು ಆಯ್ತು ಇವರದ್ದು," ಎಂದಳು ಸತ್ಯವತಿ.

ಶಂಕರಿಗೆ ಆ ಕ್ಷಣವೇ ಗೊತ್ತಾಯಿತು. ಅವನ ಅಭಿನಯದಲ್ಲಿ ಯಾವಾಗಲೂ ಒಂದು ಸದ್ದಿರುತ್ತಿತ್ತು, ನಾಟಕದ ರಾಕ್ಷಸನ ಗೊರಗೊರ. ಈಗ ಸದ್ದೇ ಇರಲಿಲ್ಲ. ಬಾಯಿ ತೆರೆದಿತ್ತು, ಎದೆ ಎಳೆಯುತ್ತಿತ್ತು, ಏನೂ ಒಳಗೆ ಹೋಗುತ್ತಿರಲಿಲ್ಲ, ಹೊರಗೆ ಬರುತ್ತಿರಲಿಲ್ಲ. ಶ್ವಾಸನಾಳದ ಬಾಯಿ, ಅದರ ಮೇಲೆ ಎಲೆಯಂಥ ಮುಚ್ಚಳ, ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಪ್ರತಿ ವರ್ಷ ತಾನೇ ಬಿಡಿಸುವ ಚಿತ್ರ. ಎನ್‌ಎಸ್‌ಎಸ್ ಶಿಬಿರದಲ್ಲಿ ರಬ್ಬರಿನ ಗೊಂಬೆಯನ್ನು ಹಿಂದಿನಿಂದ ಅಪ್ಪಿ ಮಕ್ಕಳಿಗೆ ಕಲಿಸುವುದೂ ಅವಳೇ. ಎಲ್ಲ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಅವಳು ನಿಂತಲ್ಲೇ ನಿಂತಳು. ಅವನ ತುಟಿಯ ಮೇಲೆ ಎಣ್ಣೆ ಹೊಳೆಯುತ್ತಿದ್ದುದನ್ನು ನೋಡಿದಳು. ಕ್ಯಾಲೆಂಡರಿನ ಹಾಳೆ ಫ್ಯಾನಿನ ಗಾಳಿಗೆ ಎದ್ದು ಬೀಳುತ್ತಿತ್ತು. ಶರತ್ಚಂದ್ರ ನಗುತ್ತ ಇನ್ನೊಂದು ಗೋಳಿಬಜೆಯನ್ನು ಚಟ್ನಿಗೆ ಅದ್ದುತ್ತಿದ್ದ. ಗಣೇಶಪ್ರಸಾದನ ಕಣ್ಣುಗಳು ಹೆಂಡತಿಯ ಮೇಲೆ, ಮಗಳ ಮೇಲೆ, ಶರತ್ಚಂದ್ರನ ಮೇಲೆ ಹರಿದು, ನಗುವ ಮುಖದಿಂದ ನಗುವ ಮುಖಕ್ಕೆ ಜಾರಿ, ಕೊನೆಗೆ ಅವಳ ಮೇಲೆ ಬಂದು ನಿಂತವು. ಆಗ ಅವಳೊಳಗೆ ಯಾರೋ ಬಹಳ ಶಾಂತವಾಗಿ, ಸ್ಪಷ್ಟವಾಗಿ ಅವನಿಗೆ ಹೇಳಿದರು: ಈಗ ಮಾತಾಡು ನೋಡುವ.

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಅವನ ತುಟಿ ನೇರಳೆಯಾಗತೊಡಗಿದಾಗ ಅಮೂಲ್ಯಾಳ ನಗು ಅರ್ಧಕ್ಕೆ ನಿಂತಿತು. "ಅಪ್ಪಾ?" ಎಂದಳು. ಸತ್ಯವತಿ, "ನೆತ್ತಿಗೆ ಹತ್ತಿತು, ನೆತ್ತಿಗೆ ತಟ್ಟಿ, ನೀರು ಕೊಡಿ ನೀರು," ಎಂದು ಕಿರುಚಿದಳು. ಶರತ್ಚಂದ್ರ ಎಣ್ಣೆಗೈಯಿಂದಲೇ ಬಾವನ ಬೋಳು ನೆತ್ತಿಯನ್ನು ಪಟಪಟ ತಟ್ಟತೊಡಗಿದ. ಸುಬ್ಬರಾಯ ನೀರಿನ ಲೋಟ ತಂದು ತುಟಿಗೆ ಒತ್ತಿದ. "ನೀರು ಬೇಡ!" ಎಂದ ಧ್ವನಿ ತನ್ನದೇ ಎಂದು ಶಂಕರಿಗೆ ಆಮೇಲೆ ತಿಳಿಯಿತು. ಲೋಟವನ್ನು ತಳ್ಳಿ, ಗಂಡನನ್ನು ಮೊಣಕೈಯಿಂದ ದೂಡಿ, ಗಣೇಶಪ್ರಸಾದನನ್ನು ಮುಂದಕ್ಕೆ ಬಗ್ಗಿಸಿ ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಹೊಡೆದಳು. ಮತ್ತೆ ಹೊಡೆದಳು. ಹೊಡೆಯುವುದರಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಬಲವಿತ್ತೇ ಎಂದು ಕೇಳಿಕೊಳ್ಳಲು ಸಮಯವಿರಲಿಲ್ಲ. ಹೊರಬರಲಿಲ್ಲ. ಹಿಂದಿನಿಂದ ಅಪ್ಪಿದಳು. ಹೊಟ್ಟೆಯ ಸುತ್ತ ಅವಳ ಎರಡು ಕೈಗಳು ಒಂದನ್ನೊಂದು ಮುಟ್ಟಲೇ ಇಲ್ಲ. ಇಷ್ಟು ವರ್ಷ ತಿಂದು ಬೆಳೆಸಿದ್ದ ಆ ಹೊಟ್ಟೆ, ಬಿಸಿ, ಒದ್ದೆ, ಜೀವದ ಭಯದಿಂದ ಒಳಗೊಳಗೇ ಅದುರುವ ಮಾಂಸ. ಕೈಗಳನ್ನು ಮೇಲಕ್ಕೆ ತಂದು ಎದೆಯ ನಡುವೆ ಮುಷ್ಟಿ ಇಟ್ಟು, ತನ್ನ ಕೆನ್ನೆ ಅವನ ಬೆವರಿದ ಅಂಗಿಗೆ ಅಂಟುವಂತೆ, ಇಡೀ ಮೈಯಿಂದ ಎಳೆದಳು. ಗಂಧದ ಪೌಡರು, ಎಣ್ಣೆ, ಬೆವರು. ಇನ್ನೊಮ್ಮೆ. ಅವನ ಕಾಲುಗಳು ಸಡಿಲವಾಗಿ ಭಾರವೆಲ್ಲ ಅವಳ ಮೇಲೆ ಬಂತು. ಸಾಯಬೇಡ, ಎಂದಳು. ಏಕವಚನದಲ್ಲಿ, ಯಾರಿಗೂ ಕೇಳದಂತೆ. ಇನ್ನೊಮ್ಮೆ ಎಳೆದಾಗ ಬಿಳಿಯ ಮುದ್ದೆಯೊಂದು ಬಾಯಿಂದ ಚಿಮ್ಮಿ ಚಟ್ನಿಯ ಬಟ್ಟಲಿನ ಪಕ್ಕ ಬಿತ್ತು. ಅದರ ಹಿಂದೆಯೇ ಉಸಿರು ಒಳಕ್ಕೆ ಹೋದ ಸದ್ದು. ಬಾವಿಯ ರಾಟೆ ಕಿರುಗುಟ್ಟಿದಂತಹ ಅಸಹ್ಯವಾದ, ಉದ್ದವಾದ ಸದ್ದು.

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಅಮೂಲ್ಯಾ ಅಪ್ಪನ ಕಾಲ ಬಳಿ ಕೂತು ಅಳುತ್ತಿದ್ದಳು, ಎದ್ದು ಬಂದು ಶಂಕರಿಯನ್ನು ತಬ್ಬಿಕೊಂಡು ಮತ್ತೆ ಅತ್ತಳು. "ನೀವು ಇಲ್ಲದಿದ್ರೆ ಅತ್ತೆ, ನೀವು ಇಲ್ಲದಿದ್ರೆ..." ಸತ್ಯವತಿ ದೇವರನ್ನು ನೆನೆದು, ಬೆಳಿಗ್ಗೆ ಪ್ರಸಾದ ತಂದದ್ದರಿಂದ ಉಳಿಯಿತು ಎಂದಳು. ಗಂಡನ ಅಂಗಿಯ ಗುಂಡಿ ಹಾಕುತ್ತ, ಶಂಕರಿಯ ಕಡೆ ನೋಡದೆ, "ಎಲ್ಲರ ಎದುರು ಹಾಗೆ ಹಿಡ್ಕೊಂಡದ್ದು ನೋಡಿ ನನಗೆ ಕೈಕಾಲೇ ಬರ್ಲಿಲ್ಲ," ಎಂದಳು; ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಶರತ್ಚಂದ್ರ ಕಾರಿಗೆ ಓಡಿ ಹೋಗಿ ಪೆಟ್ಟಿಗೆ ತಂದು ಗೋಳಿಬಜೆಯ ಮೇಜಿನ ಮೇಲೆ ಸುರುವಿದ. ಗಾಜ್, ಹತ್ತಿ, ಥರ್ಮಾಮೀಟರು, ಕತ್ತರಿ. ಅವನಿಗೆ ಬೇಕಾದದ್ದು ಏನು ಎಂದು ಅವನಿಗೇ ತಿಳಿದಿರಲಿಲ್ಲ. ಕೊನೆಗೆ ಶಂಕರಿಯ ಬಳೆ ತಾಗಿ ಗಣೇಶಪ್ರಸಾದನ ಗಲ್ಲದ ಕೆಳಗೆ ಆಗಿದ್ದ ಸಣ್ಣ ಗೀರಿಗೆ ಒಂದು ಅಂಟುಪಟ್ಟಿ ಹಚ್ಚಿ, ಜವಾಬ್ದಾರಿ ಮುಗಿಸಿದವನಂತೆ ಹಿಂದೆ ಸರಿದು ನೋಡಿದ. ಅದನ್ನು ನೋಡಿ ಶಂಕರಿಗೆ ನಗಬೇಕೆನಿಸಿತು. ತನ್ನ ಕೈಗಳನ್ನು ಹಿಂದಿನ ನಲ್ಲಿಯಲ್ಲಿ ಸಾಬೂನು ಹಚ್ಚಿ ತೊಳೆದಳು. ಬೆರಳ ತುದಿಯಲ್ಲಿ ಬೆಚ್ಚಗಿನ, ಬಡಿಯುವ ಏನೋ ಒಂದು ಉಳಿದೇ ಇತ್ತು.

ಎದೆಗೆ ಹಾಗೆ ಒತ್ತಿದ ಮೇಲೆ ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕು ಎಂದು ಅವಳು ಹಠ ಹಿಡಿದಳು. ಬೇಡ ಎಂದು ಗಣೇಶಪ್ರಸಾದ ಕೈಯಾಡಿಸಿದ. "ಕಾರು ತಿರುಗಿಸು ಅಮೂಲ್ಯಾ," ಎಂದಳು ಶಾಲೆಯ ಧ್ವನಿಯಲ್ಲಿ. ಮುಳ್ಳೇರಿಯಕ್ಕೆ ವಾಪಸು ಬಂದು ಒಂದು ಕ್ಲಿನಿಕ್ಕಿನ ಎದುರು ನಿಲ್ಲಿಸಿದರು. ಕಿಕ್ಕಿರಿದ ಜಗಲಿಯಲ್ಲಿ ಒಂದು ಬೆಂಚಿನ ತುದಿ ಖಾಲಿಯಿತ್ತು, ಅಲ್ಲಿ ಗಣೇಶಪ್ರಸಾದನನ್ನು ಕೂರಿಸಿದರು. ಟೋಕನ್ ತರಲು ಅಮೂಲ್ಯಾ ಒಳಗೆ ಹೋದಳು, ಜೊತೆಗೆ ಸತ್ಯವತಿಯೂ. ಶರತ್ಚಂದ್ರ ರಸ್ತೆಯ ಅಂಚಿನಲ್ಲಿ ಫೋನು ಕಿವಿಗಿಟ್ಟು ಯಾರಿಗೋ ಹೇಳುತ್ತಿದ್ದ, ಖಾಲಿ ಕೈಯಿಂದ ಗಾಳಿಯಲ್ಲಿ ಬೆನ್ನು ತಟ್ಟಿ ತೋರಿಸುತ್ತಿದ್ದ. ಶಂಕರಿ ಬೆಂಚಿನ ಪಕ್ಕ ಕಂಬಕ್ಕೆ ಒರಗಿ ನಿಂತಳು. ಇವನು ಈಗ ಏನಾದರೂ ಹೇಳುತ್ತಾನೆ ಎಂದು ಕಾಯುತ್ತಿದ್ದಳು. ಇವತ್ತಿನಿಂದ ನಿಮಗೆ ಪೂರ್ತಿ ಡಾಕ್ಟ್ರು ಅಂತ ಪ್ರಮೋಷನ್, ಅಂತಲೋ ಏನೋ. ಅದಕ್ಕೆ ಬೇಕಾದ ತಿರಸ್ಕಾರವನ್ನು ಅವಳು ಈಗಾಗಲೇ ಸಿದ್ಧಮಾಡಿಟ್ಟುಕೊಂಡಿದ್ದಳು.

"ನಿಮಗೆ ಕೂಡ್ಲೇ ಗೊತ್ತಾಯ್ತು ಅಲ್ವಾ?" ಎಂದ ಗಣೇಶಪ್ರಸಾದ. ಧ್ವನಿ ಒಡೆದು ಗೊಗ್ಗರಾಗಿತ್ತು.

"ಎಂತದ್ದು?"

"ನಾನು ತಮಾಷೆ ಮಾಡ್ತಾ ಇಲ್ಲ ಅಂತ."

ಎದುರಿನ ರಸ್ತೆಯಲ್ಲಿ ಬಸ್ಸೊಂದು ನಿಂತು, ಜನ ಇಳಿದು, ಹೋಯಿತು. ಇಲ್ಲ ಎಂದು ಹೇಳಬಹುದಿತ್ತು. ಅವನೂ ಅದನ್ನೇ ಬಯಸುತ್ತಿದ್ದಾನೆ ಅನ್ನಿಸಿತು. "ಹೌದು," ಎಂದಳು.

ಅವನು ತಲೆಯಾಡಿಸಿದ. "ಉಳಿದವರೆಲ್ಲ ನಗ್ತಾ ಇದ್ದರು. ನೀವು ನಗ್ತಾ ಇರ್ಲಿಲ್ಲ. ಅದಕ್ಕೇ ನಾನು ನಿಮ್ಮನ್ನೇ ನೋಡಿದ್ದು. ಇವರಿಗೆ ಗೊತ್ತಾಗಿದೆ, ಇವರು ಬರ್ತಾರೆ ಅಂತ." ಗಂಟಲು ನೋಯಿತೇನೋ, ನಿಲ್ಲಿಸಿದ. "ನೀವು ಬರ್ಲಿಲ್ಲ."

"ಬಂದೆ."

"ಬಂದಿರಿ. ಆಮೇಲೆ ಬಂದಿರಿ."

ಅವಳು ಕಂಬವನ್ನು ಬಿಟ್ಟು ನೆಟ್ಟಗಾದಳು. ಇನ್ನು ಇವನು ಎಲ್ಲರಿಗೂ ಹೇಳುತ್ತಾನೆ. ಅಮೂಲ್ಯಾಳಿಗೆ ಹೇಳುತ್ತಾನೆ. ಆದರೆ ಗಣೇಶಪ್ರಸಾದ ತನ್ನ ಅಂಗೈಗಳನ್ನು ನೋಡುತ್ತ ಕೂತಿದ್ದ. ದೂರುವವನ ಮುಖವಾಗಿರಲಿಲ್ಲ ಅದು. ಲೆಕ್ಕ ತಪ್ಪಿದವನದು. "ನಿಮಗೆ ಇಷ್ಟು ಸಿಟ್ಟು ಉಂಟು ಅಂತ ನನಗೆ ಗೊತ್ತೇ ಇರ್ಲಿಲ್ಲ ಮಾರಾಯ್ರೆ," ಎಂದ. "ದೇವರಾಣೆ ಗೊತ್ತಿರ್ಲಿಲ್ಲ. ನೀವು ಯಾವಾಗ್ಲೂ ನಗ್ತಾ ಇದ್ದಿರಲ್ಲ. ಎಲ್ಲರಿಗಿಂತ ಚಂದ ನಗುದು ನೀವೇ. ನಾನು ಕತೆ ಹೇಳುವಾಗ ಹಿಂದೆ ತಿರುಗಿ ನೋಡುದೇ ನಿಮಗೋಸ್ಕರ."

ಇಷ್ಟು ವರ್ಷ ತಾನು ಒಳಗೆ ಸಾಣೆ ಹಿಡಿದು ಹಿಡಿದು ಹರಿತ ಮಾಡಿಟ್ಟದ್ದು ಈ ಮನುಷ್ಯನ ದಪ್ಪ ಚರ್ಮವನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅವನನ್ನು ಏನೆಂದೂ ಕರೆಯದೆ ದಾಟಿಸಿದ್ದು, ಬಡಿಸುವಾಗ ಅವನ ಎಲೆಗೆ ಮಾತ್ರ ತುಸು ಕಡಿಮೆ ಹಾಕಿದ್ದು, ಎಲ್ಲ ದಂಡ. ಅವನು ಅವಳನ್ನು ತನ್ನ ಅತ್ಯುತ್ತಮ ಪ್ರೇಕ್ಷಕಿ ಎಂದುಕೊಂಡಿದ್ದ. ಅವಳ ನಗುವಿಗಾಗಿ ಅವಳನ್ನೇ ಹೀಯಾಳಿಸಿದ್ದ. ಇದಕ್ಕಿಂತ ಮೂರ್ಖನೊಬ್ಬ ಇರಲು ಸಾಧ್ಯವೇ ಎಂದುಕೊಂಡಳು. ಅವನ ಎದುರು ನಕ್ಕು ನಕ್ಕು ಹಾಗೆ ನಂಬಿಸಿದವಳನ್ನು ಏನೆಂದು ಕರೆಯಬೇಕು ಎಂದೂ ಅನ್ನಿಸಿತು, ಆ ಯೋಚನೆ ಅಲ್ಲೇ ಸಿಕ್ಕಿಕೊಂಡಿತು.

"ನಗದೆ ಎಂತ ಮಾಡುದು?" ಎಂದಳು ಕೊನೆಗೆ. "ಎಲ್ಲರೂ ನಗುವಾಗ?"

ಆ ಪ್ರಶ್ನೆಯನ್ನು ಅವನಿಗೆ ಯಾರೂ ಹಿಂದೆ ಕೇಳಿದಂತಿರಲಿಲ್ಲ. ಒಳಗಿನಿಂದ ಅಮೂಲ್ಯಾ ಕರೆದಳು, ಅವನು ಗೋಡೆ ಹಿಡಿದು ಎದ್ದು ಹೋದ.

ಡಾಕ್ಟರು ಎದೆ ನೋಡಿ, ಗಂಟಲು ನೋಡಿ, ಎಲುಬು ಮುರಿದಿಲ್ಲ, ಮೂಗೇಟಾಗಿದೆ, ಕೆಲವು ದಿನ ನೋವಿರುತ್ತದೆ ಎಂದರು. ಯಾರು ಒತ್ತಿದ್ದು ಎಂದು ಕೇಳಿ, ಸರಿಯಾಗಿ ಒತ್ತಿದ್ದಾರೆ ಎಂದರಂತೆ. ಇದನ್ನು ಅಮೂಲ್ಯಾ ಹೆಮ್ಮೆಯಿಂದ ಹೊರಗೆ ಬಂದು ಹೇಳಿದಳು. ಮುಂದೆ ಹೋಗುವುದೋ ಮನೆಗೆ ಹೋಗುವುದೋ ಎಂದು ಚರ್ಚೆಯಾಯಿತು. "ಹೋಗುವ," ಎಂದ ಗಣೇಶಪ್ರಸಾದ, ಅಷ್ಟೇ. ಈ ಸಲ ಮುಂದೆ ಶರತ್ಚಂದ್ರ ಕೂತ, ಗಣೇಶಪ್ರಸಾದ ಹಿಂದೆ, ಶಂಕರಿಯ ಪಕ್ಕದ ಕಿಟಕಿಗೆ. ರಬ್ಬರ್ ಮರಗಳು ಮತ್ತೆ ಶುರುವಾದವು. ಶರತ್ಚಂದ್ರನಿಗೆ ಫೋನು ಬಂತು. ಸುಬ್ಬರಾಯನ ಹೋಟೆಲಿನ ಸುದ್ದಿ ಆಗಲೇ ಪೇಟೆ ತಲುಪಿತ್ತೋ ಏನೋ. ಅವನು ಸ್ಪೀಕರಿಗೆ ಹಾಕಿ ಹೇಳತೊಡಗಿದ. "ಎಂತ ಹೇಳುದು ಮಾರಾಯ, ನಾನು ನೆತ್ತಿಗೆ ಎರಡು ಬಾರಿಸಿದೆ, ಆಗ ಸ್ವಲ್ಪ ಸಡಿಲ ಆಯ್ತು. ಆಮೇಲೆ ನಮ್ಮ ಶಂಕರಿ ಬಾವನನ್ನು ಅಪ್ಪಿಕೊಂಡಳು ನೋಡು, ಗೋಳಿಬಜೆ ಹೆದರಿ ಓಡಿ ಬಂತು!" ಫೋನಿನೊಳಗೆ ನಗು ಸಿಡಿಯಿತು. ಸತ್ಯವತಿ, "ಸಾಕು ಮಾಡು ಶರತಾ," ಎಂದು ಹೊಟ್ಟೆ ಹಿಡಿದು ನಕ್ಕಳು. ಅಮೂಲ್ಯಾ ಕೂಡ, ಭಯ ಇಳಿದವರು ನಗುವ ಹಾಗೆ, ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಶಂಕರಿಯ ಕೆನ್ನೆಯ ಸ್ನಾಯುಗಳು ಅಭ್ಯಾಸದಿಂದ ಎಳೆಯತೊಡಗಿದವು. ಪಕ್ಕದಲ್ಲಿ ಗಣೇಶಪ್ರಸಾದ ನಗದೆ, ಕಿಟಕಿಯಿಂದ ಮುಖ ತಿರುಗಿಸಿ ಅವಳನ್ನೇ ನೋಡುತ್ತಿದ್ದ.

"ಇದರಲ್ಲಿ ನಗಾಡುವಂಥದ್ದು ಎಂತ ಉಂಟು?" ಎಂದಳು ಶಂಕರಿ.

ಗಟ್ಟಿಯಾಗಿ ಹೇಳಿರಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳುವ ಹಾಗೆ ಕೇಳಿ ಉತ್ತರಕ್ಕೆ ಕಾದಳು. ಶರತ್ಚಂದ್ರ ಹಿಂದೆ ತಿರುಗಿದ, ಬಾಯಿ ಅರ್ಧ ತೆರೆದಿತ್ತು. ಫೋನಿನೊಳಗಿನವನು, "ಹಲೋ? ಹಲೋ? ಮತ್ತೆ ಎಂತ ಆಯ್ತು?" ಎಂದು ಕೇಳುತ್ತಲೇ ಇದ್ದ. ಕಾರು ತಿರುವಿನಲ್ಲಿ ಹಾರ್ನ್ ಹಾಕಿ ಮುಂದೆ ಹೋಯಿತು.